ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ: ಕೊಳ್ಳುವ ಮುಂಚೆ ಅಳೆದದ್ದು, ಕೊಂಡ ಮೇಲೆ ಬಿಚ್ಚಿದ್ದು

ಗಾಡಿ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2005ರ ನೋಂದಣಿ, ಮೊದಲಿಂದಲೂ ಬೆಂಗಳೂರಿನದೇ. ಎಂಜಿನ್ 1781 ಸಿಸಿ, ನಾಲ್ಕು ಸಿಲಿಂಡರ್, ಇಪ್ಪತ್ತು ವಾಲ್ವ್, ಕೆಕೆಕೆ ಕೆ03 ಟರ್ಬೊ (ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಚಕ್ರ). ಹೊಸದರಲ್ಲಿ 150 ಪಿಎಸ್ ಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರು. ದೂರು ಮೂರು: ಪಿಕಪ್ ಇಲ್ಲ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ನಡುಗುತ್ತದೆ, ಚೆಕ್ ಎಂಜಿನ್ ದೀಪ ಆರುವುದಿಲ್ಲ. ಮಾರುವವರು ಹೇಳಿದ್ದು, ಟರ್ಬೊ ಹೋಗಿದೆ, ಅದೊಂದು ಹಾಕಿಸಿದರೆ ಸರಿಹೋಗುತ್ತದೆ ಅಂತ.

ಟರ್ಬೊ ಹೋಗಿರಲಿಲ್ಲ. ಈ ವಯಸ್ಸಿನ ಟರ್ಬೊ ಗಾಡಿಗಳಲ್ಲಿ ಹತ್ತಕ್ಕೆ ಏಳೆಂಟು ಸಲ ಹೀಗೇ ಆಗುತ್ತದೆ. ಕೆಟ್ಟಿರುವುದು ಟರ್ಬೊ ಸುತ್ತಲಿನ ರಬ್ಬರು, ಸಣ್ಣ ವಾಲ್ವು, ಕ್ಲ್ಯಾಂಪು. ಅಷ್ಟನ್ನು ಅಳೆದು ನೋಡುವ ತಾಳ್ಮೆ ಇಲ್ಲದವರು ಹೊಸ ಟರ್ಬೊ ಹಾಕಿಸುತ್ತಾರೆ, ದೂರು ಹಾಗೇ ಉಳಿಯುತ್ತದೆ, ಗಾಡಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಆದ್ದರಿಂದ ಇಲ್ಲಿ ಮಾಡಿದ ಕೆಲಸವನ್ನು ಮಾಡಿದ ಕ್ರಮದಲ್ಲೇ ಬರೆದಿದೆ. ಕ್ರಮ ತಪ್ಪಿದರೆ ದುಡ್ಡು ದಂಡ.

ಇಂಥ ಗಾಡಿ ಯಾಕೆ ಬೇಕು

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್. ಮಂಗಳೂರಿನಲ್ಲಿ 1010ರ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ ಇಲ್ಲಿಗೆ ಬಂದ ಕೂಡಲೇ ಶೇಕಡಾ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್ ಹಾಗಲ್ಲ. ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಇಷ್ಟು ಒತ್ತಡ ಇರಬೇಕು ಎಂದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕ ಹಾಕುತ್ತದೆ, ಹೊರಗಿನ ಗಾಳಿ ತೆಳುವಾಗಿದ್ದರೆ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಆ ಕೊರತೆ ತುಂಬಿಸುತ್ತದೆ. ಈ ಎಂಜಿನ್‌ನಲ್ಲಿ 1750 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಬಂದು 4600ರವರೆಗೆ ನಿಲ್ಲುತ್ತದೆ. ನಂದಿ ಬೆಟ್ಟದ ತಿರುವುಗಳಲ್ಲಿ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುವ ಆ ಹಿಡಿತಕ್ಕೆ ಬೆಲೆ ಕಟ್ಟುವುದು ಕಷ್ಟ. ಹೊಸ ಗಾಡಿಗಳಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಸಿಗುತ್ತದೆ, ಆದರೆ ಸ್ಟೀರಿಂಗಿನ ತೂಕ, ಗೇರ್ ಲಿವರ್ ಕೂರುವ ಬಗೆ, ಬಾನೆಟ್ ಎತ್ತಿದರೆ ಕೈಗೆ ಸಿಗುವ ಭಾಗಗಳು, ಇವು ಈ ತಲೆಮಾರಿನೊಂದಿಗೇ ಮುಗಿದವು.

ತೊಂದರೆಯೂ ಅಲ್ಲೇ ಇದೆ. ಅದೇ ಒತ್ತಡದ ಗಾಳಿ ಇಪ್ಪತ್ತು ವರ್ಷ ಹಳೆಯ ಹೋಸ್‌ಗಳ ಒಳಗೆ ಹೋಗಬೇಕು. ಅದೇ ಟರ್ಬೊದ ಬಿಸಿ ಪಕ್ಕದ ಆಯಿಲ್ ಪೈಪನ್ನು ಪ್ರತಿ ಸಲವೂ ಸುಡುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಒಂದು ಹೋಸ್ ಸೀಳಿದರೆ ಐಡಲ್ ಸ್ವಲ್ಪ ಏರುಪೇರಾಗುತ್ತದೆ, ಅಷ್ಟೆ. ಇಲ್ಲಿ ಐಡಲ್, ಪಿಕಪ್, ಮೈಲೇಜ್, ಹೊಗೆ ಎಲ್ಲ ಒಟ್ಟಿಗೆ ಕೆಡುತ್ತದೆ.

ಕಾಗದ

ಸ್ಪ್ಯಾನರ್ ಮುಟ್ಟುವ ಮುಂಚೆ ಆರ್‌ಸಿ ನೋಡಬೇಕು. 2005ರ ಗಾಡಿಗೆ 2020ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ನೋಂದಣಿ ನವೀಕರಣ ಆಗಿರಬೇಕು. ಅರ್ಜಿ ಫಾರಂ 25. ಖಾಸಗಿ ಕಾರಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ತಡವಾದರೆ ತಿಂಗಳ ಲೆಕ್ಕದಲ್ಲಿ ದಂಡ ಸೇರುತ್ತದೆ, ಹಸಿರು ತೆರಿಗೆ ಬೇರೆ. ವಿಂಟೇಜ್ ನೋಂದಣಿ ಮಾಡಿಸಿಕೊಳ್ಳೋಣ ಅಂದರೆ ಆಗುವುದಿಲ್ಲ. 2021ರ ನಿಯಮದಲ್ಲಿ ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಆ ಗಾಡಿಗಳನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ.

ದೆಹಲಿ ನೋಂದಣಿಯ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದರೆ ಕಾರಣ ಇದೆ: ಅಲ್ಲಿ ಇಂಥ ಹಳೆಯ ಪೆಟ್ರೋಲ್ ಕಾರಿಗೆ 15 ವರ್ಷದ ಗಡಿ ಇದೆ. ಎನ್‌ಒಸಿ, ಇಲ್ಲಿನ ರಸ್ತೆ ತೆರಿಗೆ, ನವೀಕರಣ ಎಲ್ಲ ಕೂಡಿಸಿದ ಮೇಲೂ ಅಗ್ಗ ಉಳಿಯುತ್ತದೆಯೇ ಎಂದು ಕಾಗದದ ಮೇಲೆ ಲೆಕ್ಕ ಹಾಕಿ. ಎಂಜಿನ್ ನಂಬರನ್ನು ಬ್ಲಾಕ್ ಮೇಲೆ ಕಣ್ಣಾರೆ ನೋಡಿ ಆರ್‌ಸಿಗೆ ತಾಳೆ ಮಾಡಬೇಕು. ಬೆಲ್ಟ್ ಕವರ್ ಮೇಲಿನ ಸ್ಟಿಕರ್ ನಂಬಬೇಡಿ, ಕವರ್ ಬದಲಾಗಿರಬಹುದು. ಸಾಲದ ನಮೂದು ತೆಗೆಸಿದೆಯೇ ನೋಡಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಆದ್ದರಿಂದ ದೊಡ್ಡ ಸೈಲೆನ್ಸರ್ ಹಾಕಿದ ಗಾಡಿಗೆ ಮೂಲ ಸೈಲೆನ್ಸರ್ ಜೊತೆಗೆ ಕೊಡುತ್ತಾರೋ ಕೇಳಿ. ಎಫ್‌ಸಿ ದಿನ ಅದು ಬೇಕಾಗುತ್ತದೆ.

ಅಳತೆ

ಬಿಚ್ಚುವ ಮುಂಚೆ ಎಲ್ಲ ಅಂಕಿ ಬರೆದಿಟ್ಟುಕೊಳ್ಳಬೇಕು. ವಿಸಿಡಿಎಸ್ (ಲ್ಯಾಪ್‌ಟಾಪಿನಲ್ಲಿ ಇಸಿಯುವಿನ ಅಂಕಿ ಓದುವ ಸಾಫ್ಟ್‌ವೇರ್) ಸಾಕು, ದುಬಾರಿ ಸ್ಕ್ಯಾನರ್ ಬೇಡ.

ಮೊದಲ ಅಂಕಿ ಎಂಜಿನ್ ಶುರು ಮಾಡದೆ. ಕೀ ಆನ್, ಮೆಷರಿಂಗ್ ಬ್ಲಾಕ್ (ಅಂಕಿಗಳ ಪಟ್ಟಿ) 115, ನಾಲ್ಕನೇ ಮನೆ: ನಿಜವಾದ ಬೂಸ್ಟ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ. ಬೆಂಗಳೂರಿನಲ್ಲಿ ಇದು 910 ಮಿಲಿಬಾರ್ ಸುತ್ತಮುತ್ತ ಇರಬೇಕು. 1010 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಮುಂದಿನ ಯಾವ ಅಂಕಿಗೂ ಅರ್ಥ ಇರುವುದಿಲ್ಲ. ಈ ಗಾಡಿಯಲ್ಲಿ 912, ಸರಿಯಾಗಿದೆ. ಹೊರದೇಶದವರು ಬರೆದ ಅಂಕಿಗಳನ್ನು ಇಲ್ಲಿಗೆ ಹೋಲಿಸುವಾಗ ಈ ನೂರು ಮಿಲಿಬಾರ್ ವ್ಯತ್ಯಾಸ ಮರೆಯಬಾರದು. ಡ್ಯಾಶ್‌ಬೋರ್ಡ್ ಮೇಲೆ ಕೂರಿಸುವ ಬೂಸ್ಟ್ ಗೇಜು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂದು ತೋರಿಸುತ್ತದೆ, ವಿಸಿಡಿಎಸ್ ಒಟ್ಟು ಒತ್ತಡ ತೋರಿಸುತ್ತದೆ. ಎರಡನ್ನೂ ಬೆರೆಸಿ ಗಾಬರಿ ಬೀಳುವವರು ಬಹಳ.

ಫಾಲ್ಟ್ ಕೋಡ್ ಮೂರಿದ್ದವು. 17705 ಅಂದರೆ ಪಿ1297, ಟರ್ಬೊ ಮತ್ತು ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ನಡುವೆ ಒತ್ತಡ ಬೀಳುತ್ತಿದೆ. 17544 ಅಂದರೆ ಪಿ1136, ಐಡಲ್‌ನಲ್ಲಿ ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ). 16684 ಅಂದರೆ ಪಿ0300, ಮಿಸ್‌ಫೈರ್ (ಸಿಲಿಂಡರಿನಲ್ಲಿ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ). ಈ ಮೂರನ್ನು ಒಟ್ಟಿಗೆ ಕಂಡರೆ ಮೊದಲು ಗಾಳಿ ಸೋರಿಕೆ ಹುಡುಕಬೇಕು, ಕಿಡಿ ಕೊಡುವ ಕಾಯಿಲ್ ಅಲ್ಲ.

ಬ್ಲಾಕ್ 32ರಲ್ಲಿ ಫ್ಯುಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಎಂಬುದು. ಮೊದಲ ಮನೆ ಐಡಲ್‌ನದು: 6.8. ಎರಡನೆಯದು ಓಡುವಾಗಿನದು: 9.1. ಎರಡೂ ಪ್ಲಸ್.

ಬೂಸ್ಟ್ ಲಾಗ್ ಮಾಡುವುದು ಎರಡನೇ ಗೇರಿನಲ್ಲಿ, ಖಾಲಿ ಏರುರಸ್ತೆಯಲ್ಲಿ, 2000ದಿಂದ 5000 ಆರ್‌ಪಿಎಂವರೆಗೆ ಪೂರ್ತಿ ಥ್ರಾಟಲ್. 80 ಕಿಲೋಮೀಟರ್ ವೇಗದ ಒಳಗೇ ಮುಗಿಯುತ್ತದೆ. ಲ್ಯಾಪ್‌ಟಾಪ್ ಪಕ್ಕದವರ ಕೈಯಲ್ಲಿರಲಿ. ಇಸಿಯು ಕೇಳಿದ ಬೂಸ್ಟ್ 1560 ಮಿಲಿಬಾರ್, ಸಿಕ್ಕಿದ್ದು 1290. ಬ್ಲಾಕ್ 3ರಲ್ಲಿ 5000 ಆರ್‌ಪಿಎಂಗೆ ಮ್ಯಾಫ್ (ಒಳಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್) ಓದಿದ್ದು ಸೆಕೆಂಡಿಗೆ 84 ಗ್ರಾಂ. ಆ ಅಂಕಿಯನ್ನು 0.8ರಿಂದ ಭಾಗಿಸಿದರೆ ಪಿಎಸ್‌ನ ಒರಟು ಅಂದಾಜು ಸಿಗುತ್ತದೆ: 105.

ಕಂಪ್ರೆಶನ್ (ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬ ಪರೀಕ್ಷೆ): ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಹೊರಗೆ, ಕಾಯಿಲ್ ಕನೆಕ್ಟರ್ ಕಳಚಿ, ಫ್ಯುಯಲ್ ಪಂಪ್ ಫ್ಯೂಸ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಬೇಕು. ಹೊಸ ಎಂಜಿನ್‌ಗೆ 9ರಿಂದ 14 ಬಾರ್, ಸವೆತದ ಮಿತಿ 7, ಸಿಲಿಂಡರುಗಳ ನಡುವೆ 3ಕ್ಕಿಂತ ಹೆಚ್ಚು ಅಂತರ ಇರಬಾರದು. ಬೆಂಗಳೂರಿನ ತೆಳು ಗಾಳಿಗೆ ಗೇಜು ಶೇಕಡಾ ಹತ್ತು ಕಡಿಮೆಯೇ ಓದುತ್ತದೆ. ಇಲ್ಲಿ ಬಂದದ್ದು 10.2, 10.4, 9.9, 10.1. ನಾಲ್ಕೂ ಹೆಚ್ಚುಕಮ್ಮಿ ಒಂದೇ. ಗಾಡಿ ಕೊಳ್ಳಬಹುದು ಎಂದು ತೀರ್ಮಾನ ಆದದ್ದು ಈ ನಾಲ್ಕು ಅಂಕಿ ನೋಡಿ. ಮಿಕ್ಕಿದ್ದೆಲ್ಲ ರಿಪೇರಿಗೆ ಬಗ್ಗುವಂಥದು.

ಟರ್ಬೊ ನೋಡಲು ಇನ್‌ಟೇಕ್ ಹೋಸ್ ತೆಗೆದು ಚಕ್ರದ ನಟ್ ಹಿಡಿದು ಅಲ್ಲಾಡಿಸಬೇಕು. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಆಯಿಲ್ ಒತ್ತಡ ಬಂದಾಗ ಅದು ನಡುವಿಗೆ ಕೂರುತ್ತದೆ. ಹಿಂದೆ ಮುಂದೆ ಆಟ ಕೈಗೆ ಗೊತ್ತಾಗಬಾರದು. ಬ್ಲೇಡಿನ ತುದಿ ಹೌಸಿಂಗಿಗೆ ಉಜ್ಜಿದ ಹೊಳಪು ಕಂಡರೆ ಟರ್ಬೊ ಮುಗಿದಿದೆ. ಇಲ್ಲಿ ಯಾವುದೂ ಇರಲಿಲ್ಲ. ಪೈಪಿನ ಒಳಗೆ ತೆಳುವಾದ ಆಯಿಲ್ ಪಸೆ ಇತ್ತು, ಅದು ಬ್ರೀದರ್‌ನಿಂದ (ಎಂಜಿನ್ ಒಳಗಿನ ಆಯಿಲ್ ಆವಿ ಹೊರಬರುವ ಪೈಪು) ಬರುವಂಥದು, ಅದನ್ನು ಕಂಡು ಟರ್ಬೊ ಸೀಲ್ ಹೋಗಿದೆ ಎನ್ನುವುದು ತಪ್ಪು.

ಗಾಳಿಯ ದಾರಿ

ಅತಿ ಹೆಚ್ಚು ಹೊತ್ತು ಹಿಡಿದ ಕೆಲಸ ಇದು, ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ.

ಸೋರಿಕೆ ಪರೀಕ್ಷೆಗೆ ಉಪಕರಣ ಮನೆಯಲ್ಲೇ ಮಾಡಿಕೊಳ್ಳಬಹುದು. ಮ್ಯಾಫ್ ಸೆನ್ಸರ್ ಕಳಚಿ, ಟರ್ಬೊ ಇನ್‌ಟೇಕ್ ಹೋಸಿನ ಬಾಯಿಯ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ಅದಕ್ಕೆ ಬಿಗಿಯಾಗಿ ಕೂರುವ ಪಿವಿಸಿ ಎಂಡ್ ಕ್ಯಾಪ್ ತರಬೇಕು. ನಡುವೆ 11.5 ಮಿಲಿಮೀಟರ್ ತೂತು ಕೊರೆದು, ಪಂಕ್ಚರ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಎಳೆದು ಕೂರಿಸಿದರೆ ಆಯಿತು. ಕಂಪ್ರೆಸರಿಗೆ ರೆಗ್ಯುಲೇಟರ್ ಇರಲೇಬೇಕು. ಮೊದಲು 0.3 ಬಾರ್, ಆಮೇಲೆ ನಿಧಾನವಾಗಿ 0.7. ಅದಕ್ಕಿಂತ ಮೇಲೆ ಹೋಗಬಾರದು. ಬ್ರೀದರ್ ಹೋಸನ್ನು ಇಕ್ಕಳದಲ್ಲಿ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಆ ಒತ್ತಡ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳ ಹೊಟ್ಟೆಗೆ) ಇಳಿದು ಡಿಪ್‌ಸ್ಟಿಕ್ ಹಾರುತ್ತದೆ, ಕ್ರ್ಯಾಂಕ್ ಸೀಲ್ ತುಟಿ ತಿರುಚಿಕೊಳ್ಳುತ್ತದೆ. ಹೊಸ ಸೋರಿಕೆ ನಾವೇ ತಂದುಕೊಂಡ ಹಾಗೆ.

ಸೋಪಿನ ನೀರು ಸಿಂಪಡಿಸಿ ನೋಡಿದಾಗ ಮೊದಲು ಗುಳ್ಳೆ ಎದ್ದದ್ದು ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕೆಳಗಿನ ಜೋಡಣೆಯಲ್ಲಿ. ಮೂಲ ಸ್ಪ್ರಿಂಗ್ ಕ್ಲ್ಯಾಂಪ್ ತೆಗೆದು ಯಾರೋ ತೆಳು ಪಟ್ಟಿಯ ಕ್ಲ್ಯಾಂಪ್ ಬಿಗಿದಿದ್ದರು. ಅದು ಹೋಸಿನ ರಬ್ಬರನ್ನು ಕತ್ತರಿಸಿತ್ತು. ಹೋಸ್ ಬದಲಾಯಿಸಿ, 12 ಮಿಲಿಮೀಟರ್ ಅಗಲದ, ಒಳಗೆ ನಯವಾದ ಪಟ್ಟಿಯ ಕ್ಲ್ಯಾಂಪ್ ಹಾಕಿದೆವು. ಹೋಸ್ ಕೂರಿಸುವ ಮುಂಚೆ ಎರಡೂ ಬಾಯಿಯ ಆಯಿಲ್ ಪಸೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು. ಪಸೆ ಉಳಿದರೆ ಬೂಸ್ಟ್ ಬಂದಾಗ ಹೋಸ್ ಜಾರಿ ಕಳಚಿಕೊಳ್ಳುತ್ತದೆ.

ಡೈವರ್ಟರ್ ವಾಲ್ವ್ ಎರಡನೆಯದು. ಥ್ರಾಟಲ್ ಬಿಟ್ಟಾಗ ಒತ್ತಡದ ಗಾಳಿಯನ್ನು ಟರ್ಬೊದ ಇನ್‌ಟೇಕ್ ಕಡೆಗೆ ಮರಳಿಸುವುದು ಇದರ ಕೆಲಸ. ಒಳಗಿನ ರಬ್ಬರ್ ಪರದೆ ಹರಿದರೆ ಥ್ರಾಟಲ್ ಒತ್ತಿದಾಗಲೂ ಗಾಳಿ ಸುತ್ತುತ್ತಲೇ ಇರುತ್ತದೆ, ಬೂಸ್ಟ್ ಏರುವುದಿಲ್ಲ. ಕೈ ವ್ಯಾಕ್ಯೂಮ್ ಪಂಪಿನಿಂದ ಮೇಲಿನ ಸಣ್ಣ ನಳಿಗೆಗೆ 0.5 ಬಾರ್ ಎಳೆದು ಬಿಟ್ಟರೆ ಮುಳ್ಳು ನಿಲ್ಲಬೇಕು. ಇಲ್ಲಿ ನೋಡನೋಡುತ್ತ ಬಿತ್ತು. ಹೊಸದು ಹಾಕಿದ್ದು ಮೂಲ ಮಾದರಿಯದೇ. ಅಲ್ಯೂಮಿನಿಯಂನಲ್ಲಿ ಮಾಡಿದ, ಸದ್ದು ಮಾಡುತ್ತ ಗಾಳಿಯನ್ನು ಹೊರಕ್ಕೆ ಬಿಡುವ ವಾಲ್ವ್ ಈ ಎಂಜಿನ್‌ಗೆ ಹಾಕಬಾರದು: ಮ್ಯಾಫ್ ಆಗಲೇ ಅಳೆದ ಗಾಳಿ ಹೊರಗೆ ಹೋಗುತ್ತದೆ, ಇಸಿಯು ಇಲ್ಲದ ಗಾಳಿಗೆ ಪೆಟ್ರೋಲ್ ಸುರಿಯುತ್ತದೆ, ಗೇರ್ ಬದಲಾಯಿಸುವಾಗಲೆಲ್ಲ ಮಿಶ್ರಣ ರಿಚ್ ಆಗಿ ಎಂಜಿನ್ ಮುಗ್ಗರಿಸುತ್ತದೆ.

ಮೂರನೆಯದು ಕಣ್ಣಿಗೆ ಬೀಳದೆ ಇದ್ದದ್ದು. ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಬ್ರೀದರ್ ಹೋಸ್‌ಗಳ ಒಂದು ಗುಂಪಿದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ದಂತವೈದ್ಯರ ಕನ್ನಡಿ ಹಿಡಿದು ಕೆಳಗಿನಿಂದ ನೋಡಿದಾಗ ಮೊಣಕೈ ಹೋಸಿನ ತಳದಲ್ಲಿ ಉದ್ದಕ್ಕೂ ಸೀಳು. ಹೆಬ್ಬೆರಳಿಂದ ಒತ್ತಿದರೆ ರಬ್ಬರು ಮೇಣದ ಹಾಗೆ ತಗ್ಗಿತು, ಬೆರಳು ಕಪ್ಪಾಯಿತು. ವರ್ಷಗಟ್ಟಲೆ ಬಿಸಿ ಆಯಿಲ್ ಆವಿ ಕುಡಿದು ರಬ್ಬರು ಉಬ್ಬಿ ಸತ್ತಿತ್ತು. ಐಡಲ್‌ನಲ್ಲಿ ಇಲ್ಲಿಂದ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತಿತ್ತು, ಟ್ರಿಮ್ 6.8ಕ್ಕೆ ಏರಿದ್ದು ಇದರಿಂದ. ಇಡೀ ಗುಂಪನ್ನೇ ಬದಲಾಯಿಸಬೇಕು, ಒಂದನ್ನು ಬದಲಾಯಿಸಿದರೆ ಎಳೆಯುವಾಗ ಪಕ್ಕದ್ದು ಮುರಿಯುತ್ತದೆ. ಬೆಂಗಳೂರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ನೀಲಿ ಸಿಲಿಕಾನ್ ಹೋಸ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು ಇಲ್ಲಿಗೆ ಹಾಕಬೇಡಿ. ಸಾದಾ ಸಿಲಿಕಾನ್ ಆಯಿಲ್ ಆವಿಗೆ ತಡೆಯುವುದಿಲ್ಲ, ಹೊರಗೆಲ್ಲ ಜಿನುಗುತ್ತದೆ. ಆಯಿಲ್ ತಾಳುವ ನೈಟ್ರೈಲ್ ರಬ್ಬರ್ ಅಥವಾ ಒಳಗೆ ಫ್ಲೋರೊ ಪದರ ಇರುವ ಹೋಸ್ ಕೇಳಿ ತರಬೇಕು. ಸಿಲಿಕಾನ್ ಸಣ್ಣ ವ್ಯಾಕ್ಯೂಮ್ ಪೈಪುಗಳಿಗೆ ಸರಿ, ಒಳವ್ಯಾಸ 3.5 ಮಿಲಿಮೀಟರ್ ಇರಲಿ, 5ರದ್ದು ಹಾಕಿ ಟ್ಯಾಗ್ ಬಿಗಿದರೆ ಸೋರುತ್ತದೆ.

ಜೊತೆಗೇ ಎರಡು ಒನ್‌ವೇ ವಾಲ್ವ್. ಬ್ರೇಕ್ ಬೂಸ್ಟರ್ ಪೈಪಿನದು ಮತ್ತು ಬ್ರೀದರಿನದು. ಬಾಯಿಂದ ಊದಿದರೆ ಒಂದು ಕಡೆ ಮಾತ್ರ ಗಾಳಿ ಹೋಗಬೇಕು. ಬ್ರೀದರಿನದು ಎರಡೂ ಕಡೆ ಬಿಡುತ್ತಿತ್ತು. ಹೀಗಾದರೆ ಬೂಸ್ಟ್ ಕ್ರ್ಯಾಂಕ್‌ಕೇಸಿಗೆ ನುಗ್ಗಿ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಹೊರಗೆ ತಳ್ಳುತ್ತದೆ. ಮೊದಲು ಗ್ಯಾಸ್ಕೆಟ್ ಬದಲಾಯಿಸಿ ಆಮೇಲೆ ವಾಲ್ವ್ ನೋಡುವವರಿಗೆ ಅದೇ ಕೆಲಸ ಎರಡು ಸಲ ಬೀಳುತ್ತದೆ.

ಎನ್‌75 ಬೂಸ್ಟ್ ಕಂಟ್ರೋಲ್ ವಾಲ್ವ್ ಸರಿಯಾಗಿತ್ತು. ಬೂಸ್ಟ್ ಮಿತಿಮೀರದಂತೆ ತಡೆಯುವ ವೇಸ್ಟ್‌ಗೇಟಿನ ಕಡ್ಡಿ ಕೈ ಪಂಪಿನ ಒತ್ತಡಕ್ಕೆ ನಯವಾಗಿ ಚಲಿಸಿತು, ಒತ್ತಡ ನಿಂತಿತು. ಅದರ ನಟ್ ತಿರುಗಿಸಿ ಬೂಸ್ಟ್ ಹೆಚ್ಚಿಸುವ ಆಸೆ ಬೇಡ.

ಮತ್ತೆ ಅದೇ ರಸ್ತೆ, ಅದೇ ಗೇರು. ಕೇಳಿದ್ದು 1560, ಸಿಕ್ಕಿದ್ದು 1540. ಮ್ಯಾಫ್ 84ರಿಂದ 110 ಗ್ರಾಂಗೆ ಬಂತು. ಹೊಸ ಟರ್ಬೊ ಹಾಕದೆ.

ಆಯಿಲ್

ಈ ಎಂಜಿನ್‌ಗಳನ್ನು ಕೊಲ್ಲುವುದು ಹೆಚ್ಚಾಗಿ ಆಯಿಲ್ ಕೊರತೆ, ಅದೂ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಭರ್ತಿ ಇರುವಾಗ. ಟರ್ಬೊ ಬಿಸಿಗೆ ಆಯಿಲ್ ಸುಟ್ಟು ಕರಿಯಾಗಿ, ಚೂರುಗಳು ಚೇಂಬರಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿದು, ಅಲ್ಲಿಂದ ಆಯಿಲ್ ಎಳೆದುಕೊಳ್ಳುವ ಪಿಕಪ್ ಪೈಪಿನ ಜರಡಿ ಮುಚ್ಚಿಕೊಳ್ಳುತ್ತದೆ. ಮೆಕ್ಯಾನಿಕಲ್ ಗೇಜು ಹಾಕಿ, ಆಯಿಲ್ 80 ಡಿಗ್ರಿಗೆ ಬಂದ ಮೇಲೆ, 2000 ಆರ್‌ಪಿಎಂಗೆ 2 ಬಾರ್‌ಗಿಂತ ಕಡಿಮೆ ಬಂದರೆ ಬೇರೆ ಮಾತಿಲ್ಲ, ಚೇಂಬರ್ ಇಳಿಸಬೇಕು. ಇಲ್ಲಿ 2.6 ಇತ್ತು. ಆದರೂ ಇಳಿಸಿದೆವು. ಇತಿಹಾಸ ಗೊತ್ತಿಲ್ಲದ ಹಳೆಯ ಟರ್ಬೊ ಗಾಡಿಯಲ್ಲಿ ಜರಡಿ ಕಣ್ಣಾರೆ ನೋಡದೆ ಬಿಡಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಜರಡಿಯ ಮೂರನೇ ಒಂದು ಭಾಗ ಕರಿ ಚೂರಿನಿಂದ ಮುಚ್ಚಿತ್ತು.

ಚೇಂಬರ್ ಇಳಿಸುವಾಗ ಟರ್ಬೊದಿಂದ ಆಯಿಲ್ ಮರಳುವ ಪೈಪು ಅದಕ್ಕೇ ಬೋಲ್ಟ್ ಆಗಿದೆ, ಅದನ್ನು ಮೊದಲು ಬಿಚ್ಚಬೇಕು. ಫ್ಲೈವೀಲ್ ಪಕ್ಕದ ಎರಡು ಬೋಲ್ಟಿಗೆ ಉದ್ದನೆ ಅಲೆನ್ ಕೀ ಬೇಕು, ಗಿಡ್ಡದು ಹಾಕಿ ತಲೆ ಸವೆಸಿದರೆ ಗೇರ್‌ಬಾಕ್ಸ್ ಇಳಿಸಬೇಕಾದೀತು. ಕೂರಿಸುವಾಗ ಹಳೆಯ ಸಿಲಿಕಾನ್ ಅಂಟು ಪೂರ್ತಿ ಕೆರೆದು, ಹೊಸ ಅಂಟಿನ 2ರಿಂದ 3 ಮಿಲಿಮೀಟರ್ ದಪ್ಪದ ಒಂದೇ ಗೆರೆ, ಬೋಲ್ಟ್ ತೂತಿನ ಒಳಬದಿಯಲ್ಲಿ. ಐದು ನಿಮಿಷದೊಳಗೆ ಚೇಂಬರ್ ಏರಬೇಕು. ಸಣ್ಣ ಬೋಲ್ಟಿಗೆ 15 ನ್ಯೂಟನ್ ಮೀಟರ್. ದಪ್ಪ ಗೆರೆ ಎಳೆದರೆ ಉಕ್ಕಿದ ಸಿಲಿಕಾನ್ ತುಂಡಾಗಿ ಅದೇ ಜರಡಿಗೆ ಹೋಗಿ ಕೂರುತ್ತದೆ.

ಈ ಚೇಂಬರ್ ಅಲ್ಯೂಮಿನಿಯಂನದು, ಆರ್‌ಎಸ್ ತಗ್ಗಿನ ಗಾಡಿ, ನಮ್ಮ ಬಡಾವಣೆಗಳ ಹಂಪ್‌ಗಳಿಗೆ ಯಾವ ಅಳತೆಯೂ ಇಲ್ಲ. ಒಮ್ಮೆ ಜೋರಾಗಿ ತಾಗಿದರೆ ಬಿರುಕು ಬಿಡುತ್ತದೆ, ಆಯಿಲ್ ದೀಪ ಬರುವಷ್ಟರಲ್ಲಿ ಟರ್ಬೊ ಒಣಗಿರುತ್ತದೆ. ಉಕ್ಕಿನ ಗಾರ್ಡ್ ಹಾಕಿಸಿ, ಚೇಂಬರಿಗೂ ಅದಕ್ಕೂ ನಡುವೆ ಬೆರಳು ಆಡುವಷ್ಟು ಜಾಗ ಬಿಡಿಸಿ. ಗಾರ್ಡ್ ತಾಗಿಕೊಂಡೇ ಇದ್ದರೆ ಪೆಟ್ಟು ನೇರ ಚೇಂಬರಿಗೇ ಬೀಳುತ್ತದೆ.

ಟರ್ಬೊಗೆ ಆಯಿಲ್ ಕೊಡುವ ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಹಾಯುತ್ತದೆ, ಒಳಗೆ ಕರಿ ಕಟ್ಟುತ್ತದೆ. ತೊಳೆದು ಹಾಕುವುದು ವ್ಯರ್ಥ, ಹೊಸದೇ ಹಾಕಬೇಕು, ತಾಮ್ರದ ವಾಷರ್ ಸಮೇತ. ಜೋಡಿಸುವ ಮುಂಚೆ ಟರ್ಬೊ ಬಾಯಿಗೆ ಆಯಿಲ್ ತುಂಬಿ ಚಕ್ರ ಕೈಯಲ್ಲಿ ತಿರುಗಿಸಿ, ಫ್ಯುಯಲ್ ಪಂಪ್ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಕ್ರ್ಯಾಂಕ್ ಮಾಡಿ ಆಮೇಲೆ ಸ್ಟಾರ್ಟ್. ಆಯಿಲ್ 5ಡಬ್ಲ್ಯು-40, ವಿಡಬ್ಲ್ಯು 502 00 ದರ್ಜೆ, ಫಿಲ್ಟರ್ ಸೇರಿ ಸುಮಾರು ನಾಲ್ಕೂವರೆ ಲೀಟರ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕಿಲೋಮೀಟರ್ ಕಡಿಮೆ ಓಡಿದರೂ ಎಂಜಿನ್ ಗಂಟೆಗಟ್ಟಲೆ ಓಡಿರುತ್ತದೆ, ಆದ್ದರಿಂದ 7,500 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಬೆಲ್ಟು, ನೀರು

ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಹಾಕಿಲ್ಲ ಎಂದೇ ತಿಳಿಯಬೇಕು. ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಇಪ್ಪತ್ತು ವಾಲ್ವಿನ ಲೆಕ್ಕ ಹಾಕಿಕೊಳ್ಳಿ. ಬೆಲ್ಟ್, ರೋಲರ್, ಹೈಡ್ರಾಲಿಕ್ ಟೆನ್ಷನರ್, ವಾಟರ್ ಪಂಪ್, ಥರ್ಮೊಸ್ಟಾಟ್ ಒಟ್ಟಿಗೆ. ಪಂಪ್ ಲೋಹದ ಎಲೆಯದು ಇರಲಿ. ಹಳೆಯ ಪ್ಲಾಸ್ಟಿಕ್ ಎಲೆ ಬಿರುಕಾಗಿ ಶಾಫ್ಟ್ ಮೇಲೆ ಜಾರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಪಂಪ್ ಬೋಲ್ಟಿಗೆ 15 ನ್ಯೂಟನ್ ಮೀಟರ್.

ಟೆನ್ಷನರ್ ಒತ್ತುವುದೇ ಇಲ್ಲಿನ ನಾಜೂಕು. ಎಂ5 ಥ್ರೆಡ್ ರಾಡ್ ಒಂದನ್ನು ಟೆನ್ಷನರಿನ ತೂತಿಗೆ ತಿರುಗಿಸಿ, ಮೇಲೆ ದೊಡ್ಡ ವಾಷರ್ ಮತ್ತು ನಟ್ ಹಾಕಿ, ನಟ್ ಅನ್ನು ಬಹಳ ನಿಧಾನವಾಗಿ ಬಿಗಿಯಬೇಕು. ಒಳಗಿನ ಆಯಿಲ್ ಸಣ್ಣ ರಂಧ್ರದಿಂದ ಹೊರಬರಲು ಹೊತ್ತು ಬೇಕು, ಅವಸರ ಮಾಡಿದರೆ ಸೀಲ್ ಹೋಗುತ್ತದೆ. ತೂತುಗಳು ಒಂದಕ್ಕೊಂದು ನೇರವಾದಾಗ ಪಿನ್ ತೂರಿಸಿ ಹಿಡಿಸುವುದು. ಕ್ಯಾಮ್ ಗುರುತು, ಕ್ರ್ಯಾಂಕ್ ಗುರುತು ಹೊಂದಿಸಿ, ಪಿನ್ ಎಳೆದ ಮೇಲೆ ಕ್ರ್ಯಾಂಕ್ ಅನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಬೇಕು. ಬಲಗಡೆ ಎಂಜಿನ್ ಮೌಂಟ್ ಬಿಚ್ಚದೆ ಬೆಲ್ಟ್ ಹೊರಗೆ ಬರುವುದಿಲ್ಲ. ಮೌಂಟಿನ ಬೋಲ್ಟುಗಳು ಒಂದೇ ಸಲ ಬಿಗಿಯುವಂಥವು, ಹಳೆಯವನ್ನು ಮತ್ತೆ ಹಾಕಬಾರದು.

ಕೂಲೆಂಟ್ ಗುಲಾಬಿ ಅಥವಾ ನೇರಳೆ ಬಣ್ಣದ ಜಿ12 ಜಾತಿಯದು, ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ. ಹಿಂದಿನವರು ಹಸಿರು ಕೂಲೆಂಟ್ ಬೆರೆಸಿದ್ದರು, ತೊಟ್ಟಿಯ ತಳದಲ್ಲಿ ಕಂದು ಕೆಸರು. ತೊಳೆದ ನೀರು ತಿಳಿಯಾಗಿ ಬರುವವರೆಗೆ ಪೂರ್ತಿ ವ್ಯವಸ್ಥೆ ತೊಳೆಯಬೇಕಾಯಿತು. ಹೆಡ್ಡಿನ ಪಕ್ಕದ ಪ್ಲಾಸ್ಟಿಕ್ ಫ್ಲ್ಯಾಂಜ್ ಮತ್ತು ಟೆಂಪರೇಚರ್ ಸೆನ್ಸರ್ ಆಗಲೇ ಬದಲಾಯಿಸಿಬಿಡಿ, ಕೈ ಹೋಗುವುದು ಆಗ ಮಾತ್ರ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನೆಚ್ಚಿಕೊಳ್ಳಬಾರದು. ಎಂಜಿನ್ 80ರಲ್ಲಿದ್ದರೂ 100ರಲ್ಲಿದ್ದರೂ ಅದು 90ಕ್ಕೇ ಅಂಟಿಕೊಂಡಿರುತ್ತದೆ. ನಿಜವಾದ ಡಿಗ್ರಿ ಸ್ಕ್ಯಾನರಿನಲ್ಲಿ ನೋಡಿ. ಎಸಿ ಹಾಕಿದ ಕೂಡಲೇ ಎರಡೂ ರೇಡಿಯೇಟರ್ ಫ್ಯಾನ್ ನಿಧಾನ ವೇಗದಲ್ಲಿ ತಿರುಗಬೇಕು. ಈ ಗಾಡಿಯಲ್ಲಿ ಜೋರು ವೇಗ ಮಾತ್ರ ಇತ್ತು, ನಿಧಾನದ್ದು ಸತ್ತಿತ್ತು. ಹೆದ್ದಾರಿಯಲ್ಲಿ ಇದು ತಿಳಿಯುವುದೇ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ.

ಪೆಟ್ರೋಲು, ಕಿಡಿ

ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಬರಿ ಪೆಟ್ರೋಲಿಗೆ ಗಾಳಿಯ ಪ್ರಮಾಣ 14.7ಕ್ಕೆ ಒಂದು, ಇ20ಗೆ ಸುಮಾರು 13.5ಕ್ಕೆ ಒಂದು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು, ಇಸಿಯು ಅದನ್ನು ಟ್ರಿಮ್‌ನಲ್ಲಿ ಕೂಡಿಸುತ್ತದೆ. ಸೋರಿಕೆ ಎಲ್ಲ ಮುಚ್ಚಿದ ಮೇಲೆ ಐಡಲ್ ಟ್ರಿಮ್ 6.8ರಿಂದ 0.9ಕ್ಕೆ ಇಳಿಯಿತು, ಓಡುವಾಗಿನದು 9.1ರಿಂದ 6ಕ್ಕೆ ಬಂದು ನಿಂತಿತು. ಆ 6 ಇ20ಯದು, ಅದರ ಬೆನ್ನು ಹತ್ತಿ ಇನ್ನೊಂದು ಮ್ಯಾಫ್ ಸೆನ್ಸರ್ ಕೊಳ್ಳಬೇಕಿಲ್ಲ. ಐಡಲ್ ಅಂಕಿ ಏರಿದರೆ ಗಾಳಿ ಸೋರಿಕೆ, ಓಡುವಾಗಿನ ಅಂಕಿ ಮಾತ್ರ ಏರಿದರೆ ಇಂಧನ ಅಥವಾ ಮ್ಯಾಫ್: ಇಷ್ಟು ನೆನಪಿದ್ದರೆ ಅರ್ಧ ಪತ್ತೆ ಆದಂತೆ.

ಇಂಧನ ಒತ್ತಡ ರೇಲ್‌ನಲ್ಲಿ ಐಡಲ್‌ಗೆ 2.5 ಬಾರ್, ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿದರೆ 3. ಎರಡೂ ಸರಿಯಿತ್ತು. ರಬ್ಬರ್ ಫ್ಯುಯಲ್ ಹೋಸ್ ಎಲ್ಲ ತೆಗೆದು ಎಸ್‌ಎಇ 30ಆರ್9 ಎಂದು ಮುದ್ರೆ ಇರುವ ಹೋಸ್ ಹಾಕಿದೆವು. ಹಳೆಯ ರಬ್ಬರು ಎಥನಾಲ್‌ಗೆ ಮೆತ್ತಗಾಗಿ ಬಿರುಕು ಬಿಡುತ್ತದೆ, ಪಕ್ಕದಲ್ಲೇ ಕೆಂಪಗೆ ಕಾದ ಟರ್ಬೊ ಇದೆ. ಇಲ್ಲಿ ಜಿಪುಣತನ ಬೇಡ. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಖಾಲಿ ಜಾಗದ ತೇವವನ್ನು ಎಥನಾಲ್ ಹೀರಿಕೊಳ್ಳುತ್ತದೆ.

ಪ್ಲಗ್ ನಾಲ್ಕು, ಅಂತರ 0.7 ಮಿಲಿಮೀಟರ್, ತಣ್ಣಗಿನ ಎಂಜಿನ್‌ಗೆ 30 ನ್ಯೂಟನ್ ಮೀಟರ್. ಕಾಯಿಲ್ ಒಂದು ಸತ್ತಿತ್ತು, ನಾಲ್ಕೂ ಬದಲಾಯಿತು. ಬ್ಲಾಕ್ 20ರಲ್ಲಿ ಇಗ್ನಿಷನ್ ಹಿಂದೆಳೆತ (ಎಂಜಿನ್ ಬಡಿತ ತಪ್ಪಿಸಲು ಇಸಿಯು ಕಿಡಿಯನ್ನು ತಡ ಮಾಡುವುದು) ಒಂದೆರಡು ಡಿಗ್ರಿಯೊಳಗೆ. ಅದು ಐದಾರು ಡಿಗ್ರಿ ದಾಟಿದರೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿ ಮತ್ತೆ ಲಾಗ್ ಮಾಡಿ ನೋಡಬೇಕು.

ಉಳಿದದ್ದು

ಲೋವರ್ ಆರ್ಮ್ ಹಿಂದಿನ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಎರಡೂ ಕಡೆ ಬದಲಾದವು. ಬುಷ್‌ನ ಬೋಲ್ಟನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಪೂರ್ತಿ ಬಿಗಿಯಬೇಕು, ಜಾಕ್ ಮೇಲೆ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕ್ಲಚ್ ಪರೀಕ್ಷೆ ನಾಲ್ಕನೇ ಗೇರಿನಲ್ಲಿ, 2000 ಆರ್‌ಪಿಎಂನಿಂದ ಪೂರ್ತಿ ಥ್ರಾಟಲ್. ಬೂಸ್ಟ್ ಇಲ್ಲದಿದ್ದಾಗ ಜಾರದೆ ಇದ್ದ ಕ್ಲಚ್ ಬೂಸ್ಟ್ ಪೂರ್ತಿ ಬಂದ ಮೇಲೆ ಸ್ವಲ್ಪ ಜಾರುತ್ತಿದೆ: ವೇಗ ಏರುವ ಮುಂಚೆ ಆರ್‌ಪಿಎಂ ಜಿಗಿಯುತ್ತದೆ. ಟರ್ಬೊ ಗಾಡಿಗೆ ಇದು ಸಾಮಾನ್ಯ, ಒಂದು ರೋಗ ವಾಸಿಯಾದಾಗ ಇನ್ನೊಂದು ಮೇಲೆ ಬರುತ್ತದೆ. ಆದ್ದರಿಂದ ಕೊಳ್ಳುವಾಗ ಗಾಡಿಯ ಬೆಲೆಯ ಅರ್ಧದಷ್ಟನ್ನು ಬೇರೆ ಇಟ್ಟುಕೊಳ್ಳಿ. ಅಷ್ಟು ಇಲ್ಲದಿದ್ದರೆ ಈ ಗಾಡಿ ಬೇಡ, ಎಷ್ಟೇ ಇಷ್ಟವಿದ್ದರೂ.

ರಿಮ್ಯಾಪ್ (ಇಸಿಯುವಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಲು ಕೇಳುವವರು ಇರುತ್ತಾರೆ. ಕ್ಲಚ್ ಹೊಸದಾಗಿ, ಬ್ಲಾಕ್ 115ರಲ್ಲಿ ಕೇಳಿದ ಬೂಸ್ಟು ಸಿಕ್ಕಿದ ಬೂಸ್ಟು ಒಂದು ತಿಂಗಳ ಕಾಲ ಒಟ್ಟಿಗೇ ಓಡಿದ ಮೇಲೆ ಆ ಮಾತು. ಬೂಸ್ಟ್ ಸೋರುವ ಗಾಡಿಗೆ ರಿಮ್ಯಾಪ್ ಮಾಡಿದರೆ ಟರ್ಬೊ ಆ ಕೊರತೆ ತುಂಬಿಸಲು ಮಿತಿಮೀರಿ ತಿರುಗುತ್ತದೆ, ಆಗ ನಿಜವಾಗಿಯೂ ಟರ್ಬೊ ಹೋಗುತ್ತದೆ.

ಟರ್ಬೊ ತಣಿಯಲೆಂದು ಕೀ ತೆಗೆದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಓಡಿಸುವ ಟರ್ಬೊ ಟೈಮರ್ ಹಾಕಲಿಲ್ಲ. ಈ ಟರ್ಬೊಗೆ ನೀರಿನ ದಾರಿಯೂ ಇದೆ, ಮೇಲಾಗಿ ಊರೊಳಗೆ ಮನೆ ತಲುಪುವ ಕೊನೆಯ ಎರಡು ಕಿಲೋಮೀಟರ್ ಹೇಗೂ ತೆವಳುತ್ತಲೇ ಬರುವುದು. ಬೆಟ್ಟ ಹತ್ತಿ ಮೇಲೆ ನಿಲ್ಲಿಸಿದಾಗ ಮಾತ್ರ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಬೇಕು.

ಬಾಕಿ ಕೆಲಸ: ಕ್ಲಚ್ ಮತ್ತು ಫ್ಲೈವೀಲ್ ಸೆಟ್, ಎಡ ಹಿಂಬಾಗಿಲಿನ ಲಾಕ್ ಸ್ವಿಚ್, ಸನ್‌ರೂಫಿನ ನೀರು ಇಳಿಯುವ ನಾಲ್ಕು ಸಣ್ಣ ಕೊಳವೆಗಳನ್ನು ನೈಲಾನ್ ದಾರ ಹಾಕಿ ಬಿಡಿಸುವುದು. ಮೂರನೆಯದು ಮಳೆಗಾಲಕ್ಕೆ ಮುಂಚೆ ಆಗಬೇಕು, ಕಾರ್ಪೆಟ್ ಅಡಿಗೆ ನೀರು ಇಳಿದರೆ ಅಲ್ಲಿನ ವೈರಿಂಗ್ ಜೋಡಣೆಗಳು ಹಸಿರುಗಟ್ಟುತ್ತವೆ.